ಕಾಲೂರದ ಆಟ

ನನ್ನ ಷಡ್ಡಕನನ್ನು ಕಂಡರೆ ನನಗಾಗುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ, ನಿಮ್ಮ ಹತ್ತಿರ ಮುಚ್ಚಿಟ್ಟು ಏನು ಪ್ರಯೋಜನ? ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಇಸ್ತ್ರಿ ಮಾಡಿದ ಅಂಗಿ ಹಾಕುತ್ತಾನೆ, ಮೆಲ್ಲಗೆ ಮಾತಾಡುತ್ತಾನೆ, ಉಂಡ ತಟ್ಟೆಯನ್ನು ತಾನೇ ತೊಳೆದಿಡುತ್ತಾನೆ. ಆಗ ನನ್ನ ಹೆಂಡತಿ ನನ್ನ ತಟ್ಟೆಯ ಕಡೆ ಒಮ್ಮೆ ನೋಡುತ್ತಾಳೆ. ಅವನ ಕೆಲಸ ಬೇಸ್‌ಬಾಲ್ ಅಂಪೈರಿಂಗ್. ಹೋದ ವರ್ಷ ನಾದಿನಿಯನ್ನು ಕರೆದುಕೊಂಡು ನಮ್ಮ ಹಿಂದಿನ ಬೀದಿಗೇ ಮನೆ ಬದಲಾಯಿಸಿದ. ಅಲ್ಲಿಗೆ ನನ್ನ ನೆಮ್ಮದಿ ಹಾರಿಹೋಯಿತು.

ನನ್ನದು ಸೈಕಲ್ ರಿಪೇರಿ ಅಂಗಡಿ. ಪಂಕ್ಚರ್, ಬ್ರೇಕು, ಚೈನು ಯಾರು ಬೇಕಾದರೂ ಮಾಡುತ್ತಾರೆ. ಹ್ಯಾಂಡಲ್ ಮೇಲೆ ಕೂತು ವೇಗ, ದೂರ ತೋರಿಸುವ ಪುಟ್ಟ ಮೀಟರಿಗೆ ತಲೆ ಕೆಟ್ಟರೆ ಮಾತ್ರ ಜನ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಸೈಕಲ್ ಕಂಪ್ಯೂಟರ್ ಅನ್ನುತ್ತಾರೆ ಅದನ್ನು. ಚಕ್ರದ ಕಡ್ಡಿಗೆ ಒಂದು ಅಯಸ್ಕಾಂತ, ಫೋರ್ಕಿಗೆ ಒಂದು ಸೆನ್ಸರ್. ಅಯಸ್ಕಾಂತ ಎದುರಿಗೆ ಹಾದುಹೋದಾಗಲೆಲ್ಲ ಚಕ್ರ ಒಂದು ಸುತ್ತು ಹಾಕಿತೆಂದು ಲೆಕ್ಕ. ಇಷ್ಟೇ ಅದರ ಬುದ್ಧಿ, ಆದರೆ ಅದು ಕೊಡುವ ಕಾಟ ಇಷ್ಟಲ್ಲ.

ಮಗಳಿಗೆ ಹದಿನೈದು ವರ್ಷ. ಅವಳು ಸಣ್ಣವಳಿದ್ದಾಗಿನಿಂದ ಭಾನುವಾರ ಬೆಳಿಗ್ಗೆ ನಾವಿಬ್ಬರೇ ಸೈಕಲ್ ಹತ್ತಿ ಹೊರಡುತ್ತಿದ್ದೆವು. ನಮ್ಮದೇ ಒಂದು ಆಟವಿತ್ತು. ಸಿಗ್ನಲ್ ಕೆಂಪಾದರೆ ನೆಲಕ್ಕೆ ಕಾಲೂರಬಾರದು. ಪೆಡಲ್ ಮೇಲೆ ಎದ್ದು ನಿಂತು, ಮುಂದಿನ ಚಕ್ರ ಓರೆ ಮಾಡಿ, ಗೇಣು ಮುಂದೆ ಗೇಣು ಹಿಂದೆ ತೂಗುತ್ತಾ ಹಸಿರಾಗುವ ತನಕ ಕಾಯಬೇಕು. ಮೊದಲು ಕಾಲೂರಿದವರು ಸೋತ ಹಾಗೆ. ಕಲಿಸಿದವನು ನಾನು, ಗೆಲ್ಲುತ್ತಿದ್ದವಳು ಅವಳು. ಸೋತು ಸೋತು ನನಗೆ ಅದರಲ್ಲೇ ಒಂದು ಸುಖ ಸಿಕ್ಕಿತ್ತು.

ಷಡ್ಡಕ ಬಂದವನೇ ಒಂದು ದಿನ ಅವಳು ಕಲ್ಲೆಸೆದು ಮಾವಿನಕಾಯಿ ಬೀಳಿಸಿದ್ದನ್ನು ನೋಡಿದ. ಈ ಕೈ ಪಿಚರ್ ಕೈ ಅಂದ. ಅಷ್ಟೇ. ತಿಂಗಳೊಳಗೆ ಹುಡುಗಿ ಶಾಲೆಯ ಬೇಸ್‌ಬಾಲ್ ತಂಡಕ್ಕೆ ಸೇರಿ ಪಿಚರ್, ಅಂದರೆ ಚೆಂಡೆಸೆಯುವವಳು, ಆದಳು. ಭಾನುವಾರ ಅಭ್ಯಾಸ. ಚಿಕ್ಕಪ್ಪನೂ ಅವಳ ಪಕ್ಕದಲ್ಲೇ ಸೈಕಲ್ ತುಳಿದುಕೊಂಡು ಮೈದಾನಕ್ಕೆ ಹೋಗುತ್ತಾನೆ. ಮನೆಯಲ್ಲಿ ಬೆಳಿಗ್ಗೆ ಚಿಕ್ಕಪ್ಪ ಹೀಗಂದ, ಸಂಜೆ ಚಿಕ್ಕಪ್ಪ ಹಾಗಂದ. ನನಗೆ ಹೊಟ್ಟೆ ಉರಿಯುತ್ತಿತ್ತು. ಅದು ಮುಖದಲ್ಲೂ ಕಾಣುತ್ತಿತ್ತೆಂದು ಹೆಂಡತಿ ಹೇಳುತ್ತಾಳೆ.

ನಾನೂ ಆಟ ಅರ್ಥ ಮಾಡಿಕೊಳ್ಳಲು ನೋಡಿದೆ. ತಲೆಬುಡ ತಿಳಿಯಲಿಲ್ಲ. ಎಸೆಯುವ ಹಾಗೆ ಮಾಡಿ ಎಸೆಯದಿದ್ದರೆ ತಪ್ಪು, ಚೆಂಡು ಕೈಜಾರಿ ಬಿದ್ದರೆ ತಪ್ಪು. ಇಂಥ ತಪ್ಪಿಗೆ ಬಾಕ್ ಅನ್ನುತ್ತಾರೆ, ಅದರಲ್ಲಿ ಇನ್ನೂ ಒಂದು ಬಗೆಯಿದೆ. ಎದುರು ತಂಡದ ಓಟಗಾರ್ತಿ ಬೇಸ್ ಎನ್ನುವ ಓಟದ ಠಾಣೆಯ ಮೇಲಿದ್ದಾಗ ಪಿಚರ್ ಚೆಂಡನ್ನು ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದು, ಒಂದು ಕ್ಷಣ ಪೂರ್ತಿ ಅಲ್ಲಾಡದೆ ನಿಂತು, ಆಮೇಲೆ ಎಸೆಯಬೇಕಂತೆ. ನಿಲ್ಲದೆ ಎಸೆದರೆ ಓಟಗಾರ್ತಿಗೆ ಮೋಸ ಮಾಡಿದ ಹಾಗೆ, ಅವಳಿಗೆ ಮುಂದಿನ ಬೇಸ್ ಪುಕ್ಕಟೆ. ಇದನ್ನು ಷಡ್ಡಕ ನನಗೆ ಉಪ್ಪಿನ ಡಬ್ಬಿ, ಲೋಟ, ಚಮಚ ಇಟ್ಟು ವಿವರಿಸಿದ. ನಾನು ಬೇಕೆಂದೇ ಆಕಳಿಸಿದೆ.

ಮಗಳಿಗೆ ಕಂಟಕವಾದದ್ದೂ ಅದೇ. ಎರಡು ಪಂದ್ಯಗಳಲ್ಲಿ ಅಲ್ಲಿನ ಅಂಪೈರುಗಳು ಮತ್ತೆ ಮತ್ತೆ ಬಾಕ್ ಕೊಟ್ಟರು. ಶನಿವಾರದ ಪಂದ್ಯದಲ್ಲೂ ಹೀಗೇ ಆದರೆ ಪಿಚಿಂಗಿನಿಂದ ತೆಗೆದುಬಿಡುತ್ತೇನೆ ಎಂದು ಕೋಚ್ ಹೇಳಿದಳು. ಷಡ್ಡಕ ಹಿತ್ತಲಲ್ಲಿ ನಿಲ್ಲಿಸಿ ನಿಯಮ ಹೇಳಿಕೊಟ್ಟ, ಪೂರ್ತಿ ನಿಲ್ಲು ಅಂದ. ನಿಂತೇ ಇದ್ದೆ ಎಂದು ಅವಳು ಆಣೆ ಮಾಡಿದಳು. ಅವನ ಮುಖ ಮೊದಲ ಸಲ ಹುಳ್ಳಗಾಯಿತು. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಅವನು ಮಗಳ ಎದುರಿಗೇ ನನ್ನ ಕಸುಬಿಗೇ ಕೈಹಾಕಿದ. ಇಬ್ಬರೂ ಒಂದೇ ದಾರಿಯಲ್ಲಿ ಹೋಗಿಬಂದರೂ ನಾನು ಕೂರಿಸಿದ ಅವಳ ಮೀಟರ್ ಅವನದಕ್ಕಿಂತ ಸ್ವಲ್ಪ ಹೆಚ್ಚು ದೂರ ತೋರಿಸುತ್ತದಂತೆ.

"ಅಣ್ಣ, ಬೇಜಾರು ಮಾಡ್ಕೋಬೇಡಿ, ನಿಮ್ಮ ಮೀಟರ್ ಸುಳ್ಳು ಹೇಳ್ತಿದೆ" ಅಂದ.

ಮೈಯೆಲ್ಲ ಉರಿಯಿತು. ಸೈಕಲ್ಲನ್ನು ಅಂಗಡಿಗೆ ತಂದು ಸ್ಟ್ಯಾಂಡಿಗೇರಿಸಿದೆ. ಚಕ್ರದ ಅಳತೆ ಸರಿಯಾಗಿ ಕೊಟ್ಟಿತ್ತು, ಬ್ಯಾಟರಿ ಹೊಸದು, ಸೆನ್ಸರ್ ಅಲುಗಾಡುತ್ತಿರಲಿಲ್ಲ. ದೋಷವೇ ಸಿಗಲಿಲ್ಲ. ಮಾರನೆಯ ದಿನ ಅವರು ಅಭ್ಯಾಸಕ್ಕೆ ಹೊರಟಾಗ, ಕಳ್ಳನನ್ನು ಹಿಡಿಯುವವನ ಹಾಗೆ ಹಿಂದಿನಿಂದ ಹೋದೆ. ದೊಡ್ಡ ಸಿಗ್ನಲ್ಲಿನಲ್ಲಿ ಇಬ್ಬರೂ ನಿಂತರು. ಷಡ್ಡಕ ಅಚ್ಚುಕಟ್ಟಾಗಿ ಕಾಲೂರಿದ. ಮಗಳು ಪೆಡಲ್ ಮೇಲೆ ಎದ್ದು ನಿಂತು ಗೇಣು ಮುಂದೆ, ಗೇಣು ಹಿಂದೆ ತೂಗುತ್ತಿದ್ದಳು. ಅವಳ ಚಕ್ರದ ಅಯಸ್ಕಾಂತ ಸೆನ್ಸರಿನ ಎದುರಿಗೇ ಬಂದು, ಅತ್ತ ಒಮ್ಮೆ ಇತ್ತ ಒಮ್ಮೆ ಹಾಯುತ್ತಿತ್ತು. ಹಾದಾಗಲೆಲ್ಲ ಮೀಟರ್ ಪಾಪ ಒಂದು ಸುತ್ತು ಬರೆದುಕೊಳ್ಳುತ್ತಿತ್ತು.

ನಗು ಬಂತು. ಮೀಟರ್ ಸುಳ್ಳು ಹೇಳುತ್ತಿರಲಿಲ್ಲ, ನನ್ನ ಮಗಳು ನಿಲ್ಲುತ್ತಿರಲಿಲ್ಲ. ಹಾಗೆಂದುಕೊಂಡ ಕೂಡಲೇ ನಗು ಹೋಯಿತು. ಹಿತ್ತಲಲ್ಲಿ ಚೆಂಡು ಎದೆಯ ಮುಂದೆ ಹಿಡಿದು ನಿಂತಾಗಲೂ ಅವಳ ಭುಜ ತೂಗುತ್ತಿದ್ದದ್ದು ಹೀಗೇ. ಅವಳು ಕಲಿತ ನಿಲ್ಲುವಿಕೆಯೇ ಇದು. ಕಲಿಸಿದವನು ನಾನು.

ಇದು ಷಡ್ಡಕನಿಗೆ ಗೊತ್ತಾಗುವಂತಿರಲಿಲ್ಲ. ಯಾರಿಗೂ ಗೊತ್ತಾಗುವಂತಿರಲಿಲ್ಲ. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತರೆ ಶನಿವಾರ ಬಾಕ್ ಕೊಡುತ್ತಾರೆ, ಪಿಚಿಂಗ್ ಹೋಗುತ್ತದೆ, ಭಾನುವಾರ ನನ್ನ ಕೈಗೆ ವಾಪಸ್ಸು ಬರುತ್ತದೆ. ಏನೂ ಮಾಡಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ಆ ಯೋಚನೆ ಎಷ್ಟು ಹಿತವಾಗಿತ್ತೆಂದರೆ ಅವತ್ತು ಇಬ್ಬರು ಗಿರಾಕಿಗಳ ಸೈಕಲ್ಲಿಗೆ ಗಾಳಿ ಪುಕ್ಕಟೆ ಹಾಕಿದೆ.

ಶುಕ್ರವಾರ ಶಾಲೆ ಬಿಟ್ಟು ಅವಳು ನೇರ ಅಂಗಡಿಗೆ ಬಂದಳು. ಟೈರುಗಳ ರಾಶಿಯ ಮೇಲೆ ಕೂತು ಚೆಂಡನ್ನು ಎದೆಗೆ ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಅತ್ತು ಮುಖ ಊದಿಕೊಂಡಿತ್ತು.

"ನಾನು ನಿಂತೇ ಇರ್ತೀನಪ್ಪ. ಯಾರೂ ನಂಬಲ್ಲ. ಚಿಕ್ಕಪ್ಪನೂ ನಂಬಲ್ಲ."

ಚಿಕ್ಕಪ್ಪನ ಮೇಲೆ ಅವಳ ಬಾಯಲ್ಲಿ ಬಂದ ಮೊದಲ ದೂರು. ಎಷ್ಟು ತಿಂಗಳಿಂದ ಕಾದಿದ್ದೆ ಅದಕ್ಕೆ! ಬಂದಾಗ ಮಾತ್ರ ಯಾಕೋ ರುಚಿಸಲಿಲ್ಲ. ನಾನು ಎದ್ದು ಅವಳ ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ, ಅಯಸ್ಕಾಂತವನ್ನು ಸೆನ್ಸರಿನ ಎದುರಿಗೆ ತಂದು, ಚಕ್ರವನ್ನು ಬೆರಳ ತುದಿಯಿಂದ ಹಿಂದೆ ಮುಂದೆ ಆಡಿಸಿದೆ. ಸೈಕಲ್ ಇದ್ದಲ್ಲೇ ಇತ್ತು, ಪರದೆಯ ಮೇಲೆ ದೂರ ಏರುತ್ತಾ ಹೋಯಿತು.

"ನೀನು ನಿಂತಿದೀನಿ ಅಂತೀಯ, ಇದು ಒಪ್ಪಲ್ಲ" ಅಂದೆ. "ಅಂಪೈರೂ ಹಿಂಗೇ."

ಅವಳು ಪರದೆ ನೋಡಿದಳು, ತನ್ನ ಭುಜ ನೋಡಿಕೊಂಡಳು. ಅರ್ಥವಾಯಿತು. ಚುರುಕು ನನ್ನ ಮಗಳು.

"ಹಂಗಾದ್ರೆ ಏನ್ಮಾಡ್ಲಿ?"

"ಕಾಲೂರು" ಅಂದೆ. "ಸಿಗ್ನಲ್ಲಲ್ಲಿ ಇವತ್ತಿಂದಾನೇ ಕಾಲೂರಿ ನಿಲ್ಲು. ಮೈಗೆ ಅಭ್ಯಾಸ ಆಗ್ಲಿ. ಆ ಆಟ ಬಿಟ್ಬಿಡು."

ಶನಿವಾರ ಅಂಗಡಿಗೆ ಬೀಗ ಹಾಕಿ ಹೋಗಿ ಬೇಲಿಯ ಪಕ್ಕ ನಿಂತೆ. ಎದುರು ತಂಡದ ಓಟಗಾರ್ತಿ ಬೇಸಿನ ಮೇಲೆ ಬಂದಳು. ಮಗಳು ಚೆಂಡನ್ನು ಎದೆಗೆ ತಂದಳು. ನಿಂತಳು. ಗೋಡೆ ನಿಂತ ಹಾಗೆ ನಿಂತಳು. ಆಮೇಲೆ ಎಸೆದಳು. ಕೊನೆಯವರೆಗೂ ಅಂಪೈರ್ ಬಾಕ್ ಕೊಡಲಿಲ್ಲ. ಪಂದ್ಯ ಮುಗಿದದ್ದೇ ತಡ ಅವಳು ಓಡಿಹೋಗಿ, ಪಂದ್ಯ ನೋಡಲು ಬಂದಿದ್ದ ಚಿಕ್ಕಪ್ಪನನ್ನು ತಬ್ಬಿಕೊಂಡಳು, ನಿಂತೆ ನೋಡಿದ್ಯಾ ಎಂದು ಕೂಗಿದಳು. ಅವನು ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ನನ್ನ ಹೊಟ್ಟೆಯಲ್ಲಿ ಹಳೆಯ ಬೆಂಕಿ ಹಾಗೇ ಇತ್ತು, ಒಂದು ಕಿಡಿಯೂ ಆರಿರಲಿಲ್ಲ.

ಮನೆಗೆ ಮಾತ್ರ ನನ್ನ ಜೊತೆ ಬಂದಳು. ಷಡ್ಡಕನಿಗೆ ಬೇರೆಲ್ಲೋ ಪಂದ್ಯವಿತ್ತು, ಅದಕ್ಕೇ ಇರಬೇಕು. ನಾಳೆಯ ಅಭ್ಯಾಸದ ಸುದ್ದಿ ದಾರಿಯುದ್ದಕ್ಕೂ ಹೇಳಿದಳು. ದೊಡ್ಡ ಸಿಗ್ನಲ್ ಕೆಂಪಾಯಿತು. ನಾನು ಅಭ್ಯಾಸಬಲದಿಂದ ಪೆಡಲ್ ಮೇಲೆ ಎದ್ದು, ಚಕ್ರ ಓರೆ ಮಾಡಿ ತೂಗತೊಡಗಿದೆ. ಅವಳು ನನ್ನ ಪಕ್ಕದಲ್ಲಿ ಬ್ರೇಕ್ ಹಿಡಿದು, ಯಾವ ಯೋಚನೆಯೂ ಇಲ್ಲದೆ ಕಾಲೂರಿದಳು.

"ನೀನೇ ಗೆದ್ದೆ ಅಪ್ಪ" ಅಂದಳು, ಎದುರಿನ ದೀಪ ನೋಡುತ್ತಾ.

ಇಷ್ಟು ವರ್ಷದಲ್ಲಿ ಅವಳು ನನಗೆ ಇಷ್ಟು ಸುಲಭವಾಗಿ ಯಾವತ್ತೂ ಸೋತಿರಲಿಲ್ಲ.