ಅವ್ವನ ಖುರ್ಪಿ

ಹೈಸ್ಕೂಲಿನಲ್ಲಿ ನೌಕರಿ ಸಿಕ್ಕ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ, ಅವ್ವನ ಕೈಯಿಂದ ಕಳೆ ತೆಗೆಯುವ ಖುರ್ಪಿಯನ್ನು ಕಸಿದುಕೊಂಡು ಟ್ರಂಕಿನ ತಳಕ್ಕೆ ಹಾಕಿದ್ದು.

“ಸಾಕಬೇ ಯವ್ವಾ. ಇನ್ನ ಮ್ಯಾಲ ಕುಂತು ಉಣ್ಣು” ಅಂದೆ.

ನಮ್ಮೂರು ಕಿಣ್ಣಿ ಸುಲ್ತಾನದ ಓಣಿಯೆಲ್ಲ ನನ್ನನ್ನು ಹೊಗಳಿತು. ನಾನೂ ಉಬ್ಬಿಹೋದೆ. ಮೂವತ್ತು ವರ್ಷ ಕಂಡವರ ಹೊಲದಲ್ಲಿ ಬಗ್ಗಿದ ಅಂಬುಬಾಯಿಯನ್ನು ಮಗ ಜಗದೇವ ತನ್ನ ನೌಕರಿಯ ಊರು ಆಳಂದಕ್ಕೆ ಕರೆದೊಯ್ದು ಕುರ್ಚಿಯ ಮೇಲೆ ಕೂರಿಸಿದ್ದ.

ಕೂರಿಸಿದ್ದು ಅಂದರೆ ನಿಜವಾಗಿಯೂ ಕೂರಿಸಿದ್ದೇ. ನನ್ನ ಹೆಂಡತಿ ಮೈತ್ರಿ ಒಮ್ಮೆ ಅವ್ವನ ಮುಂದೆ ಹಿಟ್ಟು ನಾದಿಟ್ಟರೆ, “ಅತ್ತೀ ಕಡಿಂದ ರೊಟ್ಟಿ ಬಡಸ್ತಿ ಏನು?” ಎಂದು ಹಾರಾಡಿದೆ. ಪ್ರತಿ ಮಳೆಗಾಲ ಅವ್ವ ಮಾತ್ರ ಅದೇ ರಾಗ ತೆಗೆಯುತ್ತಿದ್ದಳು.

“ಗೌರಾಬಾಯಿ ಕೂಡ ನಾಕ ದಿನ ಕಳಿ ತಗದು ಬರ್ತೇನೋ ಜಗ್ಗು. ಹೆಣ್ಮಕ್ಕಳ ಸಂಗಾಟ ಹೊತ್ತು ಹೋಗ್ತದ.”

ಗೌರಾಬಾಯಿ ನಮ್ಮೂರಿನ ಕೂಲಿ ಹೆಂಗಸರ ಮುಂದಾಳು, ಅವ್ವನ ಗೆಳತಿ. ನಾನು ಕಳಿಸಲಿಲ್ಲ. ಅವ್ವನಿಗೆ ದಣಿವಾದೀತೆಂದು ಎಲ್ಲರಿಗೂ ಹೇಳಿದೆ. ಮೇಷ್ಟ್ರ ತಾಯಿ ಕೂಲಿಗೆ ಹೋದಳು ಅನ್ನಿಸಿಕೊಳ್ಳಲು ನನಗೆ ನಾಚಿಕೆಯಾಗಿತ್ತು, ಅಷ್ಟೆ.

ಆಮೇಲೆ ಅವ್ವನ ಕಿವಿ ಮಂದವಾದವು. ಕಿವಿಗೆ ಮಷೀನ್ ಹಾಕಿಸೋಣ ಎಂದು ಮೈತ್ರಿ ಎಷ್ಟು ಸಲ ಹೇಳಿದಳೋ. “ವಯಸ್ಸಾದ ಮ್ಯಾಲ ಇದೆಲ್ಲ ಇದ್ದದ್ದೇ ಬಿಡು” ಎಂದೆ ನಾನು, ವಿಜ್ಞಾನದ ಮೇಷ್ಟ್ರು! ಹೇಳಿದ್ದನ್ನೇ ಮತ್ತೆ ಹೇಳುವ ಬೇಸರಕ್ಕೆ ಮನೆಯಲ್ಲಿ ಅವಳೊಡನೆ ಮಾತೇ ಕಡಿಮೆಯಾಯಿತು. ಊಟಕ್ಕೆ ಕರೆಯಲು ಕೈಸನ್ನೆ ಸಾಕಾಗುತ್ತಿತ್ತು. ಅವ್ವ ಗೋಡೆ ನೋಡುತ್ತ ಕೂತಿರುತ್ತಿದ್ದಳು.

ಒಂದು ದಿನ ಬಚ್ಚಲು ಎಲ್ಲಿದೆ ಎಂದು ಕೇಳಿದಳು. ವರ್ಷ ಕಳೆಯುವುದರೊಳಗೆ ನಾನು ಅವಳಿಗೆ ‘ಸಾಹೇಬ್ರು’ ಆದೆ.

ಕಲಬುರಗಿಯ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ ಅಲ್ಝೈಮರ್ ಎಂದರು. ನನ್ನಿಂದಲೇ ಬಂತಾ ಎಂದು ಕೇಳಿದೆ.

“ಹಂಗ ಯಾರೂ ಹೇಳಾಕ ಬರಂಗಿಲ್ರಿ. ಎಲ್ಲಾ ಮಾಡಿದ್ರೂ ಕೆಲವರಿಗೆ ಬರ್ತದ. ಆದ್ರ ಕಿವಿ, ಬಿಪಿ, ಶುಗರ್ ನೋಡ್ಕೊಂಡು, ಅಡ್ಡಾಡಿ, ನಾಕ ಮಂದಿ ಕೂಡ ಮಾತಾಡ್ಕೋತ ಇದ್ರ ಅಪಾಯ ಕಡಿಮಿ ಆಗ್ತದ. ನೀವರೆ ನಿಮ್ಮ ಬಿಪಿ ಯಾವಾಗ ನೋಡಿಸೀರಿ?”

ಅಲ್ಲೇ ಅಂಗಿಯ ತೋಳು ಮಡಚಿ ಕೈ ಚಾಚಿದೆ.

ಅದೇ ತಿಂಗಳು ಅವ್ವನ ಕಿವಿಗೆ ಮಷೀನ್ ಬಂತು. ಹೋದ ನೆನಪು ಇದರಿಂದ ತಿರುಗಿ ಬರುವುದಿಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೂ ಒಂದೇ ಒಂದು ಸಲ ಅವಳು ನನ್ನನ್ನು ‘ಜಗ್ಗು’ ಅನ್ನಲಿ ಎಂಬ ಆಸೆ ನನ್ನನ್ನು ಬಿಡಲಿಲ್ಲ. ಭಾನುವಾರ ಟ್ರಂಕಿನಿಂದ ಖುರ್ಪಿ ತೆಗೆದುಕೊಂಡು ಅವ್ವನನ್ನು ಕಿಣ್ಣಿ ಸುಲ್ತಾನಕ್ಕೆ ಕರೆದೊಯ್ದೆ.

ತೊಗರಿ ಹೊಲದಲ್ಲಿ ಹೆಂಗಸರು ಸಾಲು ಹಿಡಿದಿದ್ದರು. ಗೌರಾಬಾಯಿ ಓಡಿಬಂದು ಅವ್ವನ ಕೈ ಹಿಡಿದು, “ಬಾ ಬೇ ಅಂಬವ್ವಾ, ನಿನ್ನ ಸಾಲು ಹಂಗೇ ಐತಿ” ಎಂದಳು. ಅವ್ವ ಅವಳ ಹೆಸರು ಹೇಳಲಿಲ್ಲ. ಆದರೆ ಖುರ್ಪಿ ಕೈಗೆ ಬಂದದ್ದೇ ತಡ, ಸೀರೆ ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತಳು. ಒಂದು ತೊಗರಿ ಸಸಿಗೂ ಪೆಟ್ಟಾಗದಂತೆ ಹುಲ್ಲು ಎತ್ತಿ ಬದಿಗೆ ಹಾಕುತ್ತ ಹೋದಳು. ಪಕ್ಕದವಳು ಏನೋ ಚೇಷ್ಟೆ ಮಾಡಿದ್ದಕ್ಕೆ ನಕ್ಕಳು. ಆ ನಗು ಕೇಳಿ ಎಷ್ಟು ವರ್ಷವಾಗಿತ್ತೋ, ನನಗೆ ಲೆಕ್ಕ ಸಿಗಲಿಲ್ಲ.

ನಾನು ಹತ್ತಿರ ಹೋಗಿ ಕೂತೆ. ಅವ್ವ ಕೈ ನಿಲ್ಲಿಸಿ ಮುಖ ನೋಡಿದಳು. ಗುರುತು ಹಿಡಿದಳೆಂದೇ ನಾನು ಇನ್ನಷ್ಟು ಹತ್ತಿರ ಸರಿದೆ.

“ಸಾಹೇಬ್ರ” ಅವ್ವ ದನಿ ತಗ್ಗಿಸಿದಳು. “ನಾ ಇಲ್ಲಿ ಬಂದೀನಂತ ನಮ್ಮ ಜಗ್ಗುಗ ಹೇಳಬ್ಯಾಡ್ರಿ. ಭಾಳ ಛಲೋ ಹುಡುಗ ಅದಾನ. ಆದ್ರ ಗೊತ್ತಾದ್ರ ಖುರ್ಪಿ ಕಸ್ಕೋತಾನ.”

“ಹೇಳಂಗಿಲ್ರಿ” ಅಂದೆ.

ಅವ್ವ ಸಮಾಧಾನವಾಗಿ ಸಾಲಿನಲ್ಲಿ ಮುಂದೆ ಸರಿದಳು.