ಮೂರು ಸಲ ಹೆಣೆದ ಉಣ್ಣೆ

ನಾನು ಒಂದು ಸ್ವೆಟರ್. ರಾಯಚೂರಿನಲ್ಲಿ ಹುಟ್ಟಿದೆ ಎಂದರೆ ನಗಬೇಡಿ. ಆ ಊರಿನಲ್ಲಿ ಬೇಸಿಗೆ ಪೂರ್ತಿ ಹೋಗುವುದೇ ಇಲ್ಲ, ಆಗಾಗ ಸ್ವಲ್ಪ ಸರಿದು ಕೂರುತ್ತದೆ ಅಷ್ಟೆ. ಬಜಾರಿನ ಒಂದು ಅಂಗಡಿಯ ಮೇಲಿನ ಹಲಗೆಯಲ್ಲಿ, ನವಿಲು ಬಣ್ಣದ ಉಣ್ಣೆಯ ಉಂಡೆಗಳಾಗಿ ಧೂಳು ಹಿಡಿದು ಬಿದ್ದಿದ್ದೆ. ಒಂದು ದಿನ ಅಮ್ಮ ಬಂದು ಕೇಳಿದಳು. ಅಂಗಡಿಯವನು ಸ್ಟೂಲು ಹತ್ತಿ ನನ್ನನ್ನು ಇಳಿಸುತ್ತಾ, “ಇದನ್ನ ಹಾಕ್ಕೊಂಡು ಎಲ್ಲಿಗೆ ಹೊಂಟೀರಿ ಅಕ್ಕಾರ, ಹಿಮಾಲಯಕ್ಕೇನು?” ಎಂದ. ಅದಕ್ಕಿಂತ ದೂರ ಎಂದು ಅಮ್ಮ ನಾಚಿಕೊಂಡು ಹೇಳಿದಳು.

ನನ್ನನ್ನು ಹೆಣೆದವಳು ಅವಳು. ಹಾಗಾಗಿ ನನಗೂ ಅವಳು ಅಮ್ಮನೇ.

ಅವಳ ಗಂಡ ವಾದಿರಾಜ ಊರಿನ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಅದೇ ಕೆಲಸಕ್ಕೆ ದೂರದ ಒಂದು ಚಳಿ ದೇಶದ ಆಸ್ಪತ್ರೆ ಅವನನ್ನು ಕರೆಸಿಕೊಂಡಿತ್ತು. ಅಲ್ಲಿ ಕಟ್ಟಡಗಳನ್ನು ಬೆಚ್ಚಗಿಡಲು ವರ್ಷವಿಡೀ ಬಾಯ್ಲರ್ ಉರಿಯಬೇಕಂತೆ. ಮಗಳು ಪ್ರಣತಿ ಗೋಡೆ ಹಿಡಿದು ನಡೆಯುತ್ತಿದ್ದಾಗ ಅವನು ಹೋದ. ಅವಳಿಗೆ ನಾಲ್ಕಾಗುವ ಹೊತ್ತಿಗೆ, ಹೆಂಡತಿ ಮಗಳನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ. ಬರುವ ಚಳಿಗಾಲಕ್ಕೆ ನೀವು ಇಲ್ಲಿರುತ್ತೀರಿ ಎಂದು ಫೋನಿನಲ್ಲಿ ಹೇಳಿದ. ಅಮ್ಮ ಮಾರನೆಯ ದಿನವೇ ನನ್ನನ್ನು ಕೊಂಡಳು.

ಕುಕ್ಕರ್ ಕೂಗುವ ತನಕ ಒಂದು ಸಾಲು, ಹಾಲು ಉಕ್ಕುವ ತನಕ ಅರ್ಧ ಸಾಲು. ಹೀಗೆ ನಾನು ಹುಟ್ಟಿದೆ. ನನ್ನ ಕುತ್ತಿಗೆಯಲ್ಲಿ ಒಗ್ಗರಣೆಯ ವಾಸನೆ, ತೋಳಿನಲ್ಲಿ ಸೋಪಿನ ವಾಸನೆ. ಪ್ರಣತಿ ನನ್ನನ್ನು ಹಾಕಿಕೊಂಡು ಫ್ಯಾನಿನ ಕೆಳಗೆ ಕುಣಿದಳು. ಬೆವರು ಸುರಿದರೂ ತೆಗೆಯಲು ಬಿಡಲಿಲ್ಲ.

ಅರ್ಜಿಗೆ ಪೊಲೀಸರ ಪ್ರಮಾಣಪತ್ರ ಬೇಕಿತ್ತು. ಒಬ್ಬ ಪೇದೆ ಮನೆಗೆ ಬಂದ. ವಾದಿರಾಜನ ತಾಯಿ ಸುಂದರಾಬಾಯಿ ಬಾಗಿಲಿಗೆ ಅಡ್ಡ ನಿಂತರು. ಪೊಲೀಸರು ಹೊಸ್ತಿಲು ತುಳಿದ ಮನೆತನವಲ್ಲ ತಮ್ಮದು ಎಂಬುದು ಅವರ ಸಿಟ್ಟು. ಸೊಸೆಯ ಮೇಲೆ ಕೇಸೇನಾದರೂ ಇದೆಯೇ ಎಂದು ಪೇದೆ ಕೇಳಿದಾಗ ಅಜ್ಜಿ, “ಅತ್ತಿ ಹಾಕಬೇಕಾದ ಕೇಸು ಭಾಳ ಅವ. ಬರಕೋತೀಯೇನಪಾ?” ಎಂದರು. ಪೇದೆ ನಕ್ಕ, ಚಹಾ ಕುಡಿದ, ಒಳ್ಳೆಯ ಮಾತು ಬರೆದುಕೊಂಡು ಹೋದ. ಆ ದಿನ ಮನೆಯಲ್ಲಿ ಎಲ್ಲರೂ ಹಗುರಾಗಿದ್ದರು. ನನ್ನನ್ನು ಮಡಿಸಿ, ನುಸಿಗುಳಿಗೆ ಹಾಕಿ, ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟರು.

ತಾಯಿ ಮಗಳು ವೀಸಾ ಕಚೇರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದರು. ಆಮೇಲೆ ಅರ್ಜಿ ಏನಾಯಿತೆಂದು ನೋಡಿದರೆ ಫೋನಿನಲ್ಲಿ ಒಂದೇ ಸಾಲು ಕಾಣತೊಡಗಿತು: ಹಿನ್ನೆಲೆ ಪರಿಶೀಲನೆ ನಡೆಯುತ್ತಿದೆ. ಅಮ್ಮ ಬೆಳಿಗ್ಗೆ ಅಂಗಳಕ್ಕೆ ರಂಗೋಲಿ ಹಾಕಿ, ಕೈ ಒರೆಸಿಕೊಂಡು ಅದನ್ನು ನೋಡುತ್ತಿದ್ದಳು. ನೋಡಿ ಒಲೆ ಹಚ್ಚುತ್ತಿದ್ದಳು. ಚಳಿಗಾಲ ಬಂದು ಹೋಯಿತು, ಇನ್ನೊಂದೂ ಬಂದು ಹೋಯಿತು. ಒಂದು ದಿನ ಪ್ರಣತಿಗೆ ನನ್ನನ್ನು ತೊಡಿಸಿದರೆ ತಲೆಯೇ ತೂರಲಿಲ್ಲ.

ಅಮ್ಮ ಅಳಲಿಲ್ಲ. ನನ್ನ ಕೊನೆಯ ಗಂಟನ್ನು ಹುಡುಕಿ ಬಿಚ್ಚಿ ಎಳೆದಳು. ನೋವಾಯಿತೇ ಎಂದು ಕೇಳಬೇಡಿ. ಅಮ್ಮನ ಕೈ ಅದು. ಸಾಲು ಸಾಲಾಗಿ ಬಿಚ್ಚಿಕೊಂಡು ಕುರ್ಚಿಯ ಬೆನ್ನಿಗೆ ಸುತ್ತಿಕೊಂಡೆ. ಇಡ್ಲಿ ಪಾತ್ರೆಯ ಹಬೆ ಹಿಡಿಸಿ ನನ್ನ ಸುಕ್ಕು ಬಿಡಿಸಿದಳು. ಅದೇ ಬಣ್ಣದ ಉಣ್ಣೆ ಬಜಾರಿನಲ್ಲಿ ಮತ್ತೆ ಸಿಗಲಿಲ್ಲ, ಬೂದು ಉಂಡೆಗಳನ್ನು ತಂದಳು. ಎದೆಯ ಮೇಲೆ ಬೂದು ಪಟ್ಟಿಯೊಂದಿಗೆ ನಾನು ಎರಡನೆಯ ಸಲ ಹುಟ್ಟಿದೆ. ಈ ಸಲ ಒಂದು ಅಳತೆ ದೊಡ್ಡದಾಗಿ ಹೆಣೆದಿದ್ದಳು. ಬೆಳೆಯಲೆಂದು ಬಿಟ್ಟ ಆ ಜಾಗ ಕಂಡು ನನಗೆ ಭಯವಾಯಿತು.

ಆಗ ಅರ್ಜಿ ಪರಿಶೀಲಿಸುವವರಿಂದ ಒಂದು ಪ್ರಶ್ನೆ ಬಂತು. ಕುಸುಮಾ ಯಾರು, ಸುಮಂಗಲಾ ಯಾರು?

ಇಬ್ಬರೂ ಅಮ್ಮನೇ. ಹೆತ್ತವರು ಇಟ್ಟ ಹೆಸರು ಕುಸುಮಾ. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ವಾದಿರಾಜ ಬೆರಳಿನ ಉಂಗುರದಿಂದ ಸುಮಂಗಲಾ ಎಂದು ಬರೆದಿದ್ದ. ಆ ಹೆಸರು ಆರಿಸಿದವರು ಅತ್ತೆ. ಸೊಸೆಯಾಗಿ ಬಂದವಳಿಗೆ ಹೊಸ ಹೆಸರು ಇಡುವುದು ಆ ಮನೆಯ ಪದ್ಧತಿ. ಮಾರನೆಯ ದಿನದಿಂದ ಎಲ್ಲರಿಗೂ ಅವಳು ಸುಮಂಗಲಾ. ವಾದಿರಾಜ ವಿದೇಶಕ್ಕೆ ಹೋಗುವಾಗ ಹೆಂಡತಿಯ ಹೆಸರು ಸುಮಂಗಲಾ ಎಂದು ಬರೆಸಿದ್ದ. ಅಮ್ಮನ ಪಾಸ್‌ಪೋರ್ಟ್ ಶಾಲೆಯ ದಾಖಲೆಯ ಪ್ರಕಾರ ಕುಸುಮಾ ಎಂದಾಯಿತು. ನಿಮಗೆ ಬೇರೆ ಹೆಸರು ಇದೆಯೇ ಎಂದು ಅರ್ಜಿಯಲ್ಲಿ ಕೇಳಿದ್ದಾಗ ಅಮ್ಮ ಇಲ್ಲ ಎಂದಿದ್ದಳು. ಬೇರೆ ಹೆಸರು ಇಟ್ಟುಕೊಳ್ಳುವವರು ಕಳ್ಳರು ಮೋಸಗಾರರು ಎಂದು ಅವಳು ತಿಳಿದಿದ್ದಳು. ಅವಳಿಗೆ ಅವೆರಡೂ ತನ್ನ ಹೆಸರುಗಳೇ ಆಗಿದ್ದವು.

ಅಲ್ಲಿಯವರಿಗೆ ಅದು ಮುಚ್ಚಿಟ್ಟ ವಿಷಯವಾಗಿ ಕಂಡಿತು. ಎರಡೂ ಹೆಸರು ಒಬ್ಬಳದೇ ಎಂದು ಮನೆಯವರು ವಕೀಲರ ಹತ್ತಿರ ಬರೆಸಿದರು, ಮದುವೆಯ ಫೋಟೊ ಕಳಿಸಿದರು. ಅಲ್ಲಿಯವರು ಎಲ್ಲವನ್ನೂ ತೆಗೆದುಕೊಂಡರು. ಪರಿಶೀಲನೆ ಮೊದಲಿನಿಂದ ಶುರುವಾಯಿತು. ಫೋನಿನ ಸಾಲಿನಲ್ಲಿ ಭದ್ರತೆ ಎಂಬ ಪದ ಸೇರಿಕೊಂಡಿತು.

ಆ ಸಂಜೆ ಅಜ್ಜಿ ದೀಪ ಹಚ್ಚಿ ಬಂದು ಅಮ್ಮನ ಎದುರು ಕೂತರು. ನಾನು ಅಮ್ಮನ ಮಡಿಲಿನಲ್ಲಿದ್ದೆ.

“ನಾನs ಇಟ್ಟ ಹೆಸರು. ನಾನs ತಗೀತೀನಿ,” ಎಂದರು. “ಇವತ್ತಿಂದ ನೀ ಕುಸುಮಾ.”

ಪಾಪ, ಬಹಳ ಕಷ್ಟಪಟ್ಟರು. ಸುಮ್ ಎಂದು ಶುರು ಮಾಡಿ ಕುಸುಮಾ ಎಂದು ಮುಗಿಸುತ್ತಿದ್ದರು. ಪಕ್ಕದ ಮನೆಯವರು ಹಳೆಯ ಹೆಸರು ಕೂಗಿದರೆ ಅಜ್ಜಿ ಕಿಟಕಿಯಿಂದಲೇ ಬೈಯುತ್ತಿದ್ದರು. ವಾದಿರಾಜನೂ ಫೋನಿನಲ್ಲಿ ಕುಸುಮಾ ಎನ್ನತೊಡಗಿದ. ಯಾರು ಕೇಳಿಸಿಕೊಳ್ಳುತ್ತಿರುತ್ತಾರೋ ಯಾರಿಗೆ ಗೊತ್ತು ಎಂಬುದು ಅವನ ಅಂಜಿಕೆ. ಫೋನಿಟ್ಟ ಮೇಲೆ ಅಮ್ಮ ಅತ್ತೆಗೆ ಮೆಲ್ಲಗೆ ಹೇಳಿದಳು, “ಅವರು ಹಂಗ ಕರದ್ರ, ಯಾರನ್ನೋ ಕರದಂಗ ಆಗ್ತದ ಅತ್ತಿ.”

ನಡುವೆ ವಾದಿರಾಜ ಒಮ್ಮೆ ಬಂದು ಹೋಗಬಾರದೇ ಎಂದು ನೀವು ಕೇಳಬಹುದು. ಈಗ ದೇಶ ಬಿಟ್ಟರೆ ನಿನ್ನ ಪರಿಶೀಲನೆಯೂ ಶುರುವಾಗುತ್ತದೆ ಎಂದು ಅಲ್ಲಿ ಯಾರೋ ಅವನಿಗೆ ಹೇಳಿದ್ದರು. ಅವನು ಹೆದರಿದ. ಫೋನಿನ ಚೌಕದಲ್ಲಿ ಅವನ ಮುಖ ಮಾತ್ರ ಬರುತ್ತಿತ್ತು. ಪ್ರಣತಿ ಮೊದಲು ಆ ಚೌಕಕ್ಕೆ ಮುತ್ತು ಕೊಡುತ್ತಿದ್ದಳು. ಆಮೇಲೆ ಪರೀಕ್ಷೆಯ ಅಂಕ ಹೇಳಿದಳು. ಆಮೇಲೆ ಅಮ್ಮನ ಭುಜದ ಹಿಂದಿನಿಂದ ಕೈ ಬೀಸಿ ಹೋದಳು.

ದೊಡ್ಡದಾಗಿ ಬಿಟ್ಟಿದ್ದ ಜಾಗವೂ ತುಂಬಿತು. ನನ್ನ ತೋಳು ಅವಳ ಮೊಣಕೈಗೆ ಬಂದು ನಿಂತಿತು. ಅಜ್ಜಿಗೆ ಮರೆವು ಶುರುವಾಗಿ, ಒಂದು ದಿನ ನೀರು ಬೇಕೆಂದು ಸುಮಂಗಲಾ ಎಂದು ಕೂಗಿದರು. ಅಮ್ಮ ಓಡಿ ಹೋಗಿ ಮೊದಲು ಬಾಗಿಲು ಹಾಕಿದಳು, ಆಮೇಲೆ ನೀರು ಕೊಟ್ಟಳು.

ಅಮ್ಮ ಮತ್ತೆ ನನ್ನ ಗಂಟು ಹುಡುಕಿದಳು. ಪ್ರಣತಿಯನ್ನು ಹತ್ತಿರ ಕರೆದು, ಭುಜಕ್ಕೆ ದಾರ ಹಿಡಿದು, ತೋಳು ಎಷ್ಟು ಉದ್ದ ಬಿಡಲಿ ಎಂದು ಕೇಳಿದಳು. ಪ್ರಣತಿ ಈಗ ಅಮ್ಮನ ಕಿವಿಯವರೆಗೆ ಬೆಳೆದಿದ್ದಳು. ದಾರವನ್ನು ತಾಯಿಯ ಕೈಯಿಂದ ಮೆಲ್ಲಗೆ ತೆಗೆದು ಮೇಜಿನ ಮೇಲಿಟ್ಟಳು.

“ನನಗ ಬ್ಯಾಡಮ್ಮ. ಅಪ್ಪಗ ಹೆಣಿ. ಅವರ ಅಳತಿ ಬದಲಾಗೂದಿಲ್ಲ.”

ಅಮ್ಮ ಬಹಳ ಹೊತ್ತು ನನ್ನನ್ನು ಸವರುತ್ತಾ ಕೂತಳು. ಕುಕ್ಕರ್ ಕೂಗಿ ಕೂಗಿ ಅನ್ನ ಹತ್ತಿದ ವಾಸನೆ ಬಂತು. ಎದ್ದು ಒಲೆ ಆರಿಸಿ, ಗಂಡನ ಹಳೆಯ ಅಂಗಿಯೊಂದನ್ನು ಕಪಾಟಿನಿಂದ ತೆಗೆದು ಹಾಸಿ, ಅದರ ಅಳತೆ ಹಿಡಿದಳು.

ಎಳೆ ಅಲ್ಲಲ್ಲಿ ತುಂಡಾಗುತ್ತಿತ್ತು. ಗಂಟು ಹಾಕಿ ಹಾಕಿ, ಇನ್ನಷ್ಟು ಬೂದು ಉಣ್ಣೆ ಸೇರಿಸಿ ಹೆಣೆದಳು. ತೋಳಿಲ್ಲದ ಗಂಡಸರ ಸ್ವೆಟರ್ ಆಗಿ ಮೂರನೆಯ ಸಲ ಹುಟ್ಟಿದೆ. ಅಂಚೆಯಲ್ಲಿ ಹೊರಟೆ. ಯಾವ ಗಡಿಯಲ್ಲೂ ನನ್ನ ಹಿಂದಿನ ರೂಪ ಯಾವುದು, ಆಗ ನಾನು ಯಾರ ಮೈಮೇಲಿದ್ದೆ ಎಂದು ಯಾರೂ ಕೇಳಲಿಲ್ಲ. ಪೊಟ್ಟಣದ ಮೇಲೊಂದು ಚೀಟಿ ಅಂಟಿಸಿ ದಾಟಿಸಿಬಿಟ್ಟರು. ತಾಯಿ ಮಗಳಿಗೆ ಸಿಗದ ದೇಶ ನನಗೆ ಒಂದೇ ವಾರದಲ್ಲಿ ಸಿಕ್ಕಿತು.

ವಾದಿರಾಜ ಒಂದೇ ಕೋಣೆಯ ಮನೆಯಲ್ಲಿರುತ್ತಾನೆ. ಪೊಟ್ಟಣ ಬಿಚ್ಚಿ ಮುಖಕ್ಕೆ ಒತ್ತಿಕೊಂಡ. ಒಗ್ಗರಣೆಯ ವಾಸನೆ ಉಳಿದಿತ್ತೋ ಏನೋ, ಹಾಗೇ ನಿಂತಿದ್ದ. ಆಮೇಲೆ ತಲೆಯ ಮೇಲಿಂದ ಎಳೆದುಕೊಂಡ. ನಾನು ಎದೆಯ ತನಕ ಬಂದು ನಿಂತುಬಿಟ್ಟೆ. ಅವನಿಗೆ ಹೊಟ್ಟೆ ಬಂದಿತ್ತು, ಬೆನ್ನು ಅಗಲವಾಗಿತ್ತು. ಚೌಕದಲ್ಲಿ ಅದು ಯಾರಿಗೂ ಕಂಡಿರಲಿಲ್ಲ.

ಅಷ್ಟರಲ್ಲಿ ಫೋನು ಬಂತು. ಹೇಗೆ ಕೂತಿದೆ ಎಂದು ಅಮ್ಮ ಕೇಳಿದಳು. ಅವನು ಫೋನನ್ನು ಮುಖದ ಹತ್ತಿರ, ಇನ್ನೂ ಹತ್ತಿರ ಹಿಡಿದುಕೊಂಡ.

“ಅಳತಿ ಹಿಡದು ಮಾಡಿದಂಗ ಕೂತದ, ಸುಮಂಗಲಾ,” ಎಂದ.

ಹೆಸರು ಬಾಯಿತಪ್ಪಿ ಬಂದಿತ್ತು. ಆಮೇಲೆ ಅಮ್ಮ, ಅಲ್ಲಿ ಚಳಿ ಹೇಗಿದೆ ಎಂದು ಕೇಳಿದಳು.

ಈಗ ನಾನು ಅವನ ಕುರ್ಚಿಯ ಬೆನ್ನಿನ ಮೇಲೆ ಇರುತ್ತೇನೆ. ಕೆಲಸಕ್ಕೆ ಅವನು ನನ್ನನ್ನು ಒಯ್ಯುವುದಿಲ್ಲ. ಬಾಯ್ಲರ್ ಕೋಣೆ ರಾಯಚೂರಿನಷ್ಟೇ ಕಾದಿರುತ್ತದಂತೆ. ಬೆಳಿಗ್ಗೆ ಹೊರಡುವ ಮೊದಲು ಅವನೂ ಫೋನಿನಲ್ಲಿ ಆ ಸಾಲನ್ನು ನೋಡುತ್ತಾನೆ. ನೋಡಿ ದೀಪ ಆರಿಸಿ ಹೋಗುತ್ತಾನೆ. ನನ್ನ ಕೊನೆಯ ಗಂಟು ಎಡಗಡೆಯ ಅಂಚಿನಲ್ಲಿದೆ. ಹಿಡಿದು ಎಳೆದರೆ ಈಗಲೂ ಬಿಚ್ಚಿಕೊಳ್ಳುತ್ತೇನೆ. ಆದರೆ ಮತ್ತೆ ಹೆಣೆಯುವ ಕೈ ಈ ಮನೆಯಲ್ಲಿಲ್ಲ.