ಬಚ್ಚಲಿಗೆ ನೀಲಿ ಹೂವು

ಗಂಡ ಬಿದ್ದದ್ದು ಬಚ್ಚಲಲ್ಲಿ. ಬೆಳಿಗ್ಗೆ ಗಡ್ಡ ಬೋಳಿಸಿಕೊಳ್ಳುತ್ತ ನಿಂತವನು ನಿಂತಲ್ಲೇ ಕುಸಿದ. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಮಗ ಸತ್ತ ಆ ಬಚ್ಚಲಿನ ಬಾಗಿಲನ್ನು ಅಂದಿನಿಂದ ಅತ್ತೆ ದಾಟಿರಲಿಲ್ಲ. ಟವೆಲು ಹೆಗಲಿಗೆ ಹಾಕಿಕೊಂಡು ಪಕ್ಕದ ಮನೆಗೆ ಹೋಗಿ ಸ್ನಾನ ಮಾಡಿ ಬರುತ್ತಿದ್ದರು. ಸೊಸೆ ಮಾತ್ರ ಅದೇ ಬಚ್ಚಲಲ್ಲಿ ಮುಖ ತೊಳೆದು, ಪರದೆ ಹೊಲಿಯುವ ಅಂಗಡಿಗೆ ಕೆಲಸಕ್ಕೆ ಹೊರಡುತ್ತಿದ್ದಳು. ಒಂದು ಹನಿ ಕಣ್ಣೀರು ಹಾಕಲಿಲ್ಲ, ಕಲ್ಲು ಎಂದು ಬಂದ ನೆಂಟರು ಗೊಣಗಿದ್ದು ಅವಳ ಕಿವಿಗೂ ಬಿದ್ದಿತ್ತು. ಅವಳಿಗೆ ಕೋಪ ಬರಲಿಲ್ಲ. ಇರಬಹುದು ಅನ್ನಿಸಿತು, ಅಷ್ಟೆ.

ಪಕ್ಕದ ಮನೆಯಾಕೆ ಬಹಳ ದಿನ ಸುಮ್ಮನಿದ್ದಳು. ಕೊನೆಗೊಮ್ಮೆ ಸೊಸೆಯನ್ನು ಮೆಟ್ಟಿಲ ಮೇಲೆ ತಡೆದು, "ನನಗೇನೂ ಬೇಜಾರಿಲ್ಲ ಕಣೇ. ಆದ್ರೆ ಬೆಳಿಗ್ಗೆ ನಮ್ಮಲ್ಲೂ ಎಲ್ರಿಗೂ ಅವಸರ. ನಿಮ್ಮತ್ತೆ ಒಳಗೆ ಹೋದ್ರೆ ಹೊರಗೆ ಬರೋ ಮಾತೇ ಇಲ್ಲ" ಅಂದಳು.

ಅಂದು ಸಂಜೆ ಸೊಸೆ ಅತ್ತೆಯ ಹತ್ತಿರ ವಿಷಯ ಎತ್ತಿದಳು.

"ಆ ಗೋಡೆ ನೋಡೋಕಾಗಲ್ಲ ನನಗೆ" ಅಂದರು ಅತ್ತೆ.

"ಗೋಡೆನೇ ಬೇರೆ ಥರ ಮಾಡಿದ್ರೆ?"

ಅತ್ತೆ ಹೂಂ ಅನ್ನಲಿಲ್ಲ. ಬೇಡ ಅನ್ನಲೂ ಇಲ್ಲ.

ವಾಲ್‌ಪೇಪರ್ ಅಂಗಡಿಯವನು ದಪ್ಪ ಪುಸ್ತಕ ಬಿಡಿಸಿಟ್ಟ. "ನೀರು ಸುರಿಯೋ ಕಡೆ ಟೈಲ್ಸ್ ಹಾಗೇ ಇರಲಿ ತಾಯಿ. ಕನ್ನಡಿ ಗೋಡೆಗೆ, ಬಾಗಿಲ ಗೋಡೆಗೆ ಇದನ್ನ ಹಚ್ಚಿ. ಒದ್ದೆ ಬಟ್ಟೇಲಿ ಒರೆಸಿದ್ರೂ ಏನೂ ಆಗಲ್ಲ. ಯಾವ ಡಿಸೈನ್ ಕೊಡ್ಲಿ?"

"ಯಾವುದಾದ್ರೂ ಆಗುತ್ತೆ."

"ಯಾವುದಾದ್ರೂ ಅನ್ನೋ ಡಿಸೈನ್ ಮಾತ್ರ ನನ್ನ ಹತ್ರ ಇಲ್ಲ" ಎಂದು ಅವನು ನಕ್ಕ.

ತೆರೆದಿದ್ದ ಪುಟದ ಮೇಲೆ ಅವಳು ಬೆರಳಿಟ್ಟಳು. ಕೆನೆಬಣ್ಣದ ಮೇಲೆ ನೀಲಿ ಬಳ್ಳಿ, ನೀಲಿ ಹೂವು. ಅಜ್ಜಿಯರ ಕಾಲದ ಪಿಂಗಾಣಿ ಬಟ್ಟಲಿನ ಮೇಲೆ ಇರುತ್ತಿತ್ತಲ್ಲ, ಅಂಥದ್ದು. ಅದಕ್ಕೆ ಹಳೇ ಕಾಲದ ಸಾಮಾನೇ ಒಪ್ಪುತ್ತದೆ ಎಂದು ಅವನೇ ಗುಜರಿ ಅಂಗಡಿಯ ದಾರಿ ತೋರಿಸಿದ. ಅಲ್ಲಿ ಹಿತ್ತಾಳೆ ಚೌಕಟ್ಟಿನ ಮೊಟ್ಟೆಯಾಕಾರದ ಕನ್ನಡಿಯೊಂದು, ಹೂವಿನ ಅಂಚಿನ ಗಾಜಿನ ಬುರುಡೆಯ ದೀಪವೊಂದು ಸಿಕ್ಕವು. ಯಾರೋ ಹೇಳಿ ಕಳಿಸಿದ ಸಾಮಾನು ತಂದಂತೆ ತಂದಳು.

ಭಾನುವಾರ ಕೆಲಸ ಶುರುವಾಯಿತು. ಗಂಡನ ರೇಜರು, ಬ್ರಷ್ಷು, ಅರ್ಧ ಖಾಲಿಯಾದ ಕ್ರೀಮು ಚೀಲಕ್ಕೆ ಹೋದವು. ಹಳೆಯ ಕನ್ನಡಿ ಬಿಚ್ಚಿದಳು. ಅದರ ಮೂಲೆಯಲ್ಲಿ ಗಡ್ಡದ ಕ್ರೀಮಿನ ನೊರೆ ಚಿಮ್ಮಿ ಒಣಗಿದ ಚುಕ್ಕೆಗಳಿದ್ದವು. ಸ್ವಲ್ಪ ಹೊತ್ತು ನೋಡಿದಳು. ಎದೆಯೊಳಗೆ ಏನಾದರೂ ಅಲುಗೀತೇನೋ ಎಂದು ಕಾದಳು. ಏನೂ ಅಲುಗಲಿಲ್ಲ. ಕನ್ನಡಿಯನ್ನು ಹಳೇ ಸೀರೆಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದಳು.

ಅತ್ತೆ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು, ಬಾಗಿಲಿಗೆ ಅರ್ಧ ಬೆನ್ನು ಮಾಡಿ. ಮೊದಲ ಪಟ್ಟಿ ಗೋಡೆಗೆ ಏರುತ್ತಲೂ, "ಸೊಟ್ಟಗಿದೆ" ಅಂದರು.

"ಎಲ್ಲಿ?" ಎಂದು ಸೊಸೆ ಅವರ ಕಡೆ ತಿರುಗಿದಳು.

"ಎಡಗಡೆ. ನಿನ್ನ ಎಡ ಅಲ್ಲ, ನನ್ನ ಎಡ."

ಎಳೆದು ಸರಿಮಾಡಿದಳು. ಎರಡನೆಯ ಪಟ್ಟಿಯಲ್ಲಿ ಅರ್ಧ ಹೂವಿಗೆ ಅರ್ಧ ಹೂವು ಕೂಡಬೇಕಿತ್ತು. ಪರದೆಯ ಬಟ್ಟೆಯಲ್ಲಿ ದಿನಾ ಮಾಡುವ ಕೆಲಸವೇ. ಆದರೆ ಬಟ್ಟೆ ಹೀಗೆ ಜಾರುವುದಿಲ್ಲ. ಕೆಳಗೆ ಹೂವು ಕೂಡಿಸುವಷ್ಟರಲ್ಲಿ ಮೇಲಿನ ತುದಿ ಬಿಟ್ಟುಕೊಂಡು ಇಡೀ ಪಟ್ಟಿ ಅಂಟಿನ ಸಮೇತ ಅವಳ ತಲೆಯ ಮೇಲೆ ಬಿತ್ತು.

ಅತ್ತೆಗೆ ನಗು ತಡೆಯಲಾಗಲಿಲ್ಲ. ನಕ್ಕು, ತಾವೇ ಬೆಚ್ಚಿ ಬಾಯಿ ಮುಚ್ಚಿಕೊಂಡರು. ಆಮೇಲೆ, "ಇರು, ಒಬ್ಬಳ ಕೈಲಿ ಆಗೋ ಕೆಲಸ ಅಲ್ಲ ಅದು" ಎನ್ನುತ್ತ ಎದ್ದು ಒಳಗೆ ಬಂದೇಬಿಟ್ಟರು.

ಕೆಳತುದಿ ಹಿಡಿದು ನಿಂತ ಮೇಲೆಯೇ ಅವರಿಗೆ ತಾವು ಎಲ್ಲಿ ನಿಂತಿದ್ದೇವೆಂದು ಅರಿವಾದದ್ದು.

"ಇಲ್ಲೇ ಅಲ್ವಾ?"

"ಹೂಂ."

"ನೀನು ಕೂಗಿದ್ದು ನನಗೆ ಕೇಳಿಸ್ಲೇ ಇಲ್ಲ ಕಣೆ. ರೇಡಿಯೋ ಜೋರಾಗಿ ಹಾಕ್ಕೊಂಡಿದ್ದೆ. ಕೇಳಿಸಿದ್ರೆ ಓಡಿ ಬರ್ತಿದ್ದೆ. ದಿನಾ ಅದೇ ಕೊರೀತಾ ಇರುತ್ತೆ."

ಸೊಸೆ ಕಾಗದದ ಮೇಲೆ ಕೈಯಿಟ್ಟುಕೊಂಡೇ ಹೇಳಿದಳು: "ನಾನು ಕೂಗ್ಲೇ ಇಲ್ಲ ಅತ್ತೆ. ಬಾಯೇ ಬರ್ಲಿಲ್ಲ. ಸುಮ್ನೆ ನಿಂತಿದ್ದೆ."

ಅತ್ತೆ ಮುಖವೆತ್ತಿ ಅವಳನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡಳು, ಬೈದರೂ ಸರಿಯೇ ಅನ್ನಿಸಿತು. ನಲ್ಲಿ ತೊಟ್ಟಿಕ್ಕುತ್ತಿತ್ತು. ಅತ್ತೆ ಸೆರಗಿನ ತುದಿಯಿಂದ ಅವಳ ಹಣೆಗೆ ಇಳಿದಿದ್ದ ಅಂಟನ್ನು ಒರೆಸಿ, "ಮೇಲ್ಗಡೆ ಒತ್ತು. ಗಾಳಿ ಕೂತಿದೆ" ಅಂದರು.

ಒತ್ತಿದಳು.

ಸಂಜೆಯ ಹೊತ್ತಿಗೆ ದೀಪವೂ ಹತ್ತಿತು. ಉಳಿದದ್ದು ಕನ್ನಡಿ. ಹಳೆಯದು ಅವನ ಎತ್ತರಕ್ಕಿತ್ತು. ಹೆಂಗಸರಿಬ್ಬರಿಗೂ ಇಷ್ಟು ವರ್ಷ ಅದರಲ್ಲಿ ಕಂಡದ್ದು ತಮ್ಮ ಹಣೆ ಮಾತ್ರ. ಹೊಸದಕ್ಕೆ ಅತ್ತೆ ತಮ್ಮ ಮೂಗಿನ ನೇರಕ್ಕೆ ಬೆರಳಿಟ್ಟು ತೋರಿಸಿದರು. ಅಲ್ಲಿಗೇ ಮೊಳೆ ಬಿತ್ತು.

ಮರುದಿನ ಬೆಳಿಗ್ಗೆ ಅತ್ತೆ ಮನೆಯಲ್ಲೇ ಸ್ನಾನಕ್ಕೆ ಹೋದರು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಸೊಸೆ ಬಾಗಿಲ ಹೊರಗೆ ಟವೆಲು ಹಿಡಿದು, ಚೊಂಬು ಬಕೆಟ್ಟಿಗೆ ತಗಲುವ ಸದ್ದು ಕೇಳುತ್ತ ನಿಂತಳು. ಬಸ್ಸು ತಪ್ಪಿತು.

"ಯಾಕೆ ತಡ?" ಎಂದು ಅಂಗಡಿಯ ಯಜಮಾನಿ ಕೇಳಿದಳು.

"ನಮ್ಮತ್ತೆ ಸ್ನಾನಕ್ಕೆ ಹೋಗಿದ್ರು" ಎಂದು ಹೇಳಿ, ಅವಳು ಮೆಷಿನ್ನಿಗೆ ದಾರ ಪೋಣಿಸಲು ಕೂತಳು.